ಮೂವತ್ತು ಡಿಗ್ರಿ ಕಾವು

ಒಂಬತ್ತನೆಯ ಮೀನು ಸತ್ತದ್ದು ಜನವರಿಯ ಎರಡನೇ ಭಾನುವಾರ. ಬೆಳಿಗ್ಗೆ ಲೀಲಾ ಕಾಫಿ ಲೋಟ ಹಿಡಿದು ಹಾಲಿಗೆ ಬಂದಾಗ ಅದು ತೊಟ್ಟಿಯ ಮೂಲೆಯಲ್ಲಿ ಫಿಲ್ಟರಿನ ಕೊಳವೆಗೆ ಒರಗಿಕೊಂಡಿತ್ತು. ಬೆನ್ನು ಬಾಗಿತ್ತು, ಹೊಟ್ಟೆ ಒಳಕ್ಕೆ ಸೇದಿಹೋಗಿತ್ತು, ಮೈಮೇಲಿನ ಕಪ್ಪು ಪಟ್ಟೆಗಳು ಮಾಸಿ ಬೂದಿ ಬಣ್ಣಕ್ಕೆ ತಿರುಗಿದ್ದವು. ಅದರ ಪಕ್ಕದಲ್ಲೇ ಇನ್ನೊಂದು ಏಂಜೆಲ್ ಮೀನು ಏನೂ ಆಗಿಲ್ಲವೆಂಬಂತೆ ಈಜಾಡಿಕೊಂಡಿತ್ತು. ಲೀಲಾ ಲೋಟವನ್ನು ಮೇಜಿನ ಮೇಲಿಟ್ಟು, ಜಾಲರಿಯಿಂದ ಸತ್ತ ಮೀನನ್ನು ಎತ್ತಿ, ತನ್ನ ಸ್ಟೆನೋ ಪುಸ್ತಕ ತೆರೆದು ತಾರೀಖು ಬರೆದಳು.

ಅವಳು ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಪ್ರೈವೇಟ್ ಸೆಕ್ರೆಟರಿ. ಇಪ್ಪತ್ತೆರಡನೆಯ ವಯಸ್ಸಿಗೆ ಸ್ಟೆನೋಗ್ರಾಫರ್ ಪರೀಕ್ಷೆ ಪಾಸು ಮಾಡಿ ಚಿತ್ರದುರ್ಗದಿಂದ ದಿಲ್ಲಿಗೆ ಬಂದವಳು, ಈಗ ಐವತ್ತನಾಲ್ಕು. ಎದುರಿಗಿರುವವರು ಎಷ್ಟೇ ವೇಗವಾಗಿ ಮಾತಾಡಲಿ, ಒಂದು ಪದ ಬಿಡದೆ ಬರೆದುಕೊಳ್ಳುವ ಕೈ ಅವಳದು. ಕಾಲ ಬದಲಾಗಿ ಆಫೀಸಿನಲ್ಲಿ ಶೀಘ್ರಲಿಪಿ ಕೇಳುವವರು ಕಡಿಮೆಯಾದರೂ ಅವಳ ಚೀಲದಲ್ಲಿ ಆ ಪುಸ್ತಕ ಇದ್ದೇ ಇರುತ್ತಿತ್ತು. ಗಂಡ ದಕ್ಷಿಣಾಮೂರ್ತಿ ಇನ್ನೊಂದು ಇಲಾಖೆಯ ಲೆಕ್ಕಪತ್ರ ವಿಭಾಗದವರು. ಮಗಳು ಲಾವಣ್ಯಾ ಕಾಲೇಜಿನ ಎರಡನೇ ವರ್ಷದಲ್ಲಿದ್ದಳು. ಕಿದ್ವಾಯಿ ನಗರದಲ್ಲಿ ಹೊಸದಾಗಿ ಕಟ್ಟಿದ ಸರ್ಕಾರಿ ಕ್ವಾರ್ಟರ್ಸಿನ ಏಳನೆಯ ಮಹಡಿಯಲ್ಲಿ ಅವರ ಮನೆ. ಮೀನಿನ ತೊಟ್ಟಿ ಬಂದದ್ದು ಕೊರೋನಾ ಕಾಲದಲ್ಲಿ, ಮನೆಯೊಳಗೇ ಕೂತು ಕೂತು ಲಾವಣ್ಯಾ ಮಂಕಾಗಿದ್ದಾಗ. ಆಮೇಲೆ ಲಾವಣ್ಯಾಳಿಗೆ ಕಾಲೇಜು, ಗೆಳತಿಯರು ಸಿಕ್ಕರು. ತೊಟ್ಟಿ ಅಮ್ಮನ ಪಾಲಿಗೆ ಬಂತು. ನಾಲ್ಕಡಿ ಉದ್ದದ ಆ ಗಾಜಿನ ಪೆಟ್ಟಿಗೆಯ ಮುಂದೆ ಸಂಜೆ ಅರ್ಧ ಗಂಟೆ ಕೂತರೆ ಆಫೀಸಿನ ದಣಿವೆಲ್ಲ ಇಳಿದುಹೋಗುತ್ತದೆ ಎಂದು ಅವಳು ಹೇಳುತ್ತಿದ್ದಳು.

ದಸರೆಯ ಹೊತ್ತಿಗೆ ಅದರಲ್ಲಿ ಇಪ್ಪತ್ತೆರಡು ಮೀನುಗಳಿದ್ದವು. ಅವುಗಳಲ್ಲಿ ಆರು ಹೊಸವು. ಮನೆಯಿಂದ ನಡೆದು ಹೋಗುವಷ್ಟು ದೂರದ ಕೋಟ್ಲಾದಲ್ಲಿ ಓಂವೀರ್ ಎಂಬವನ ಅಂಗಡಿಯಿಂದ ತಂದವು. ದೀಪಾವಳಿ ಕಳೆದ ವಾರ ಮೊದಲ ಸಾವಾಯಿತು. ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ಎಂಟು ದಿನಕ್ಕೊಂದು, ಹತ್ತು ದಿನಕ್ಕೊಂದು. ಪ್ರತಿ ಸಲವೂ ಅದೇ ಕ್ರಮ: ಮೊದಲು ಊಟ ಬಿಡುವುದು, ಆಮೇಲೆ ಸೊರಗುವುದು, ಬಣ್ಣ ಬಿಡುವುದು, ಬೆನ್ನು ಬಾಗುವುದು. ವಿಷವಾಗಿದ್ದರೆ ಎಲ್ಲವೂ ಒಟ್ಟಿಗೆ ಸಾಯಬೇಕಿತ್ತು. ಇದು ಹಾಗಲ್ಲ. ಯಾರೋ ಸಾಲಿನಲ್ಲಿ ನಿಲ್ಲಿಸಿ ಒಬ್ಬೊಬ್ಬರನ್ನೇ ಕರೆಯುತ್ತಿರುವ ಹಾಗಿತ್ತು.

ಪಕ್ಕದ ಮನೆಯ ಪಂಜಾಬಿ ಆಂಟಿ ಬಂದು, ಬೇಸರ ಮಾಡಿಕೊಳ್ಳಬೇಡ, ಮನೆಗೆ ಬರುವ ಕಂಟಕವನ್ನು ಮೀನು ತನ್ನ ತಲೆಯ ಮೇಲೆ ಹಾಕಿಕೊಂಡು ಹೋಗುತ್ತದೆ, ನಿಮಗೆ ಒಳ್ಳೆಯದೇ ಆಯಿತು ಎಂದು ಸಮಾಧಾನ ಹೇಳಿದ್ದರು. ದಿಲ್ಲಿಯಲ್ಲಿ ಅನೇಕರು ನಂಬುವ ಮಾತು ಅದು. ದಕ್ಷಿಣಾಮೂರ್ತಿ ಅದನ್ನು ಕೇಳಿ, ನಮ್ಮ ಮನೆಯಲ್ಲಿ ಒಂಬತ್ತು ಕಂಟಕ ಬರುವಷ್ಟು ಏನಿದೆ ಎಂದು ನಕ್ಕರು. ಲೀಲಾ ನಗಲಿಲ್ಲ. ಕಾರಣವಿಲ್ಲದೆ ಒಂಬತ್ತು ಪ್ರಾಣ ಹೋಗುವುದಿಲ್ಲ, ಕಾರಣ ಇದೆ, ನನಗೆ ಗೊತ್ತಾಗಿಲ್ಲ ಅಷ್ಟೆ ಎಂದಳು.

ಅವಳು ಕೈಕಟ್ಟಿ ಕೂತಿರಲಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು, ಆಗ ಮಾತ್ರ ಯಾವುದು ಏನೆಂದು ಗೊತ್ತಾಗುತ್ತದೆ ಎಂಬುದು ಅವಳ ಲೆಕ್ಕ. ಮೊದಲು ನೀರಿನ ಮೇಲೆ ಅನುಮಾನ ಪಟ್ಟಳು. ಚಳಿಗಾಲದಲ್ಲಿ ನಲ್ಲಿ ನೀರಿಗೆ ಔಷಧಿಯ ವಾಸನೆ ಹೆಚ್ಚು. ನೀರನ್ನು ಎರಡು ದಿನ ಬಕೆಟ್ಟಿನಲ್ಲಿ ತಂಗಿಸಿ, ಕ್ಲೋರಿನ್ ತೆಗೆಯುವ ಹನಿ ಹಾಕಿ, ಪರೀಕ್ಷೆಯ ಕಿಟ್ ತಂದು ದಿನ ಬಿಟ್ಟು ದಿನ ನೋಡಿದಳು. ಅಮೋನಿಯಾ ಸೊನ್ನೆ. ಮೀನು ಸಾಯುವುದು ನಿಲ್ಲಲಿಲ್ಲ. ಆಮೇಲೆ ಸೊಳ್ಳೆ ಓಡಿಸುವ ಯಂತ್ರವನ್ನು ಮೂರು ವಾರ ಹಚ್ಚಲಿಲ್ಲ. ಮತ್ತೆ ಎರಡು ಸತ್ತವು. ಆಹಾರದ ಡಬ್ಬಿ ಬದಲಾಯಿಸಿದಳು. ಓಂವೀರ್ ಕೊಟ್ಟ ಹಳದಿ ಪುಡಿ ಹಾಕಿದಳು. ತೊಟ್ಟಿಯ ನೀರು ಅರಿಶಿನದ ನೀರಾಯಿತೇ ಹೊರತು ಬೇರೇನೂ ಆಗಲಿಲ್ಲ. ನನ್ನ ಅಂಗಡಿಯಲ್ಲಿದ್ದಾಗ ಚೆನ್ನಾಗಿಯೇ ಇದ್ದವು, ನೀವೇ ಜಾಸ್ತಿ ತಿನ್ನಿಸಿರಬೇಕು ಮೇಡಂ ಜೀ ಎಂದು ಅವನು ಅವಳ ಮೇಲೇ ಹಾಕಿದ. ಇದನ್ನೆಲ್ಲ ಲೀಲಾ ಬರೆದಿಟ್ಟುಕೊಂಡಳು, ಆ ಕೊನೆಯ ಮಾತನ್ನೂ.

ಬರೆಯದೆ ಉಳಿದದ್ದು ಅವಳ ಬೆರಳು. ನವೆಂಬರಿನಲ್ಲಿ ತೊಟ್ಟಿ ಉಜ್ಜುವಾಗ ಒಳಗಿದ್ದ ಒರಟು ಕಲ್ಲು ತಾಗಿ ಬಲಗೈ ನಡುಬೆರಳಿನ ಗೆಣ್ಣು ತರಚಿತ್ತು. ವಾರದಲ್ಲಿ ಮಾಯಿತು, ಮರೆತಳು. ತಿಂಗಳಾದ ಮೇಲೆ ಅದೇ ಜಾಗದಲ್ಲಿ ಒಂದು ಕೆಂಪು ಗಂಟು ಎದ್ದಿತು. ನೋವಿಲ್ಲ, ಜ್ವರವಿಲ್ಲ, ಆದರೆ ಇಳಿಯಲಿಲ್ಲ. ಡಿಸ್ಪೆನ್ಸರಿಯ ಡಾಕ್ಟರು ಮೂರು ಬಗೆಯ ಆಂಟಿಬಯೋಟಿಕ್ ಕೊಟ್ಟು ನೋಡಿದರು. ಜನವರಿಯ ಹೊತ್ತಿಗೆ ಅಂಗೈಯ ಹಿಂಭಾಗದಲ್ಲಿ ಎರಡನೆಯದು, ಮಣಿಕಟ್ಟಿನ ಹತ್ತಿರ ಮೂರನೆಯದು, ಹೀಗೆ ಗಂಟುಗಳು ಒಂದೇ ಗೆರೆಯಲ್ಲಿ ಮೇಲೇರುತ್ತಿದ್ದವು. ಬೆರಳು ಮಡಿಸಲು ಬರುತ್ತಿರಲಿಲ್ಲ. ಆಫೀಸಿನಲ್ಲಿ ಉಳಿದ ಬೆರಳುಗಳಿಂದ ಟೈಪು ಮಾಡುತ್ತ ಯಾರಿಗೂ ಗೊತ್ತಾಗದಂತೆ ನೋಡಿಕೊಂಡಿದ್ದಳು. ಒಂದು ಖಾಸಗಿ ಆಸ್ಪತ್ರೆಯ ಕೈ ಸರ್ಜನ್, ಇದು ಕೀಲಿನ ಉರಿಯೂತ ಇರಬಹುದು, ಇನ್ನೊಂದು ತಿಂಗಳು ನೋಡಿ ಸ್ಟೆರಾಯ್ಡ್ ಇಂಜೆಕ್ಷನ್ ಕೊಡೋಣ ಎಂದಿದ್ದರು. ಬೆರಳಿನ ಚಿಂತೆಯೂ ಮೀನಿನ ಚಿಂತೆಯೂ ಒಂದೇ ಮನೆಯಲ್ಲಿದ್ದರೂ ಲೀಲಾಳ ಮನಸ್ಸಿನಲ್ಲಿ ಒಂದಕ್ಕೊಂದು ಪರಿಚಯವಿರಲಿಲ್ಲ.

ಸೋಮವಾರ ಆಫೀಸಿಗೆ ಹೋದವಳು ಮೀನುಗಾರಿಕೆ ಇಲಾಖೆಯಲ್ಲಿದ್ದ ಹಳೆಯ ಸಹೋದ್ಯೋಗಿಗೆ ಫೋನು ಮಾಡಿದಳು. ಮೀನಿನ ರೋಗ ಅಂದರೆ ಅನಂತಮೂರ್ತಿಯವರು, ನಿಮ್ಮ ಕರ್ನಾಟಕದವರೇ, ನಿವೃತ್ತರಾಗಿ ಮಯೂರ್ ವಿಹಾರದಲ್ಲಿದ್ದಾರೆ ಎಂದು ಅವರು ನಂಬರು ಕೊಟ್ಟರು. ಲೀಲಾ ಹತ್ತು ನಿಮಿಷ ಮಾತಾಡಿದ್ದನ್ನು ಅನಂತಮೂರ್ತಿ ನಡುವೆ ಬಾಯಿ ಹಾಕದೆ ಕೇಳಿದರು. ಕೊನೆಗೆ ಒಂದೇ ಮಾತು ಹೇಳಿದರು.

"ಸತ್ತ ಮೀನು ತರಬೇಡಿಯಮ್ಮ. ಸಾಯ್ತಾ ಇರೋದನ್ನ ಜೀವಂತ ತನ್ನಿ."

ಅಂಥ ಮೀನಿಗಾಗಿ ಅವಳು ಆರು ದಿನ ಕಾಯಬೇಕಾಯಿತು. ಶನಿವಾರ ಒಂದು ಏಂಜೆಲ್ ಮೀನು ಊಟ ಬಿಟ್ಟು ಮೂಲೆ ಸೇರಿತು. ಭಾನುವಾರ ಬೆಳಿಗ್ಗೆ ಅದನ್ನು ತೊಟ್ಟಿಯ ನೀರಿನ ಸಮೇತ ಉಪ್ಪಿನಕಾಯಿಯ ದೊಡ್ಡ ಪ್ಲಾಸ್ಟಿಕ್ ಜಾಡಿಗೆ ಹಾಕಿ, ಚಳಿ ತಾಗದಂತೆ ಶಾಲು ಸುತ್ತಿ, ಐಎನ್ಎ ನಿಲ್ದಾಣದಿಂದ ಮೆಟ್ರೋ ಹತ್ತಿದಳು. ತಪಾಸಣೆಯ ಹೆಂಗಸು ಜಾಡಿಯೊಳಗೆ ಇಣುಕಿ, ಬೀಮಾರ್ ಹೈ ಕ್ಯಾ ಎಂದು ಕೇಳಿದಳು. ಹೌದು, ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ ಎಂದಳು ಲೀಲಾ. ಆ ಹೆಂಗಸು ಜಾಡಿಯನ್ನು ಯಂತ್ರದೊಳಗೆ ಕಳಿಸದೆ ಕೈಯಲ್ಲೇ ದಾಟಿಸಿಕೊಟ್ಟಳು.

ಅನಂತಮೂರ್ತಿಯವರಿಗೆ ಎಪ್ಪತ್ತಾರು ವರ್ಷ. ಸ್ವೆಟರಿನ ಮೇಲೆ ಸ್ವೆಟರು, ಕಿವಿ ಮುಚ್ಚುವ ಟೋಪಿ. ಗಾಜು ಹಾಕಿ ಮುಚ್ಚಿದ ಬಾಲ್ಕನಿಯಲ್ಲಿ ಒಂದು ಮೇಜು, ಅದರ ಮೇಲೆ ಹಳೆಯ ಸೂಕ್ಷ್ಮದರ್ಶಕ. ಚಹಾ ಬೇಕೇ ಎಂದು ಕೂಡ ಕೇಳದೆ ಅವರು ಕೈಗವಸು ಹಾಕಿಕೊಂಡು ಜಾಡಿಗೆ ಲವಂಗದ ಎಣ್ಣೆ ಬೆರೆಸಿದ ನೀರನ್ನು ಸುರಿದರು. ಮೀನು ಮೆಲ್ಲಗೆ ಒಂದು ಮಗ್ಗುಲಾಗಿ, ಕಿವಿರು ಆಡಿಸುವುದನ್ನು ನಿಲ್ಲಿಸಿತು. ಸಾಕಷ್ಟು ಹೊತ್ತು ಕಾದು ಅದನ್ನು ಎತ್ತಿ ತಟ್ಟೆಯಲ್ಲಿಟ್ಟು ಹೊಟ್ಟೆ ಸೀಳಿದರು. ಲೀಲಾ ಮುಖ ತಿರುಗಿಸಲಿಲ್ಲ.

ಅವರು ಇಕ್ಕಳದ ತುದಿಯಿಂದ ಪಿತ್ತಜನಕಾಂಗವನ್ನು ತೋರಿಸಿದರು. ಅದರ ಮೇಲೆ ಸಣ್ಣ ಬಿಳಿ ಕಾಳುಗಳು, ರವೆ ಉದುರಿಸಿದ ಹಾಗೆ. ಮೂತ್ರಪಿಂಡದ ಮೇಲೂ ಹಾಗೇ. ಅವುಗಳಲ್ಲಿ ಒಂದನ್ನು ಗಾಜಿನ ಮೇಲೆ ಜಜ್ಜಿ, ಕೆಂಪು ಬಣ್ಣ ಹಾಕಿ ಕಾಯಿಸಿ, ಆಮ್ಲದಿಂದ ತೊಳೆದು, ಮೇಲೆ ನೀಲಿ ಹಾಕಿದರು. ಈ ಒಂದು ಜಾತಿಯ ಕ್ರಿಮಿ ಮಾತ್ರ ಆಮ್ಲದಲ್ಲಿ ತೊಳೆದರೂ ಕೆಂಪು ಬಿಡುವುದಿಲ್ಲ ಎಂದು ವಿವರಿಸಿದರು. ಮುಕ್ಕಾಲು ಗಂಟೆಯಾದ ಮೇಲೆ ಅವಳನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ನೀಲಿ ಬಯಲಿನಲ್ಲಿ ಕೆಂಪು ಕಡ್ಡಿಗಳು ಕಂಡವು. ಒಂದೆರಡಲ್ಲ, ಕಂತೆ ಕಂತೆ.

"ಕ್ಷಯ," ಎಂದರು ಅನಂತಮೂರ್ತಿ. "ಮನುಷ್ಯರ ಟಿಬಿ ಅಲ್ಲ, ಅದರ ದಾಯಾದಿ. ಮೀನಿಗೆ ಬರೋದು. ಹೊಸದಾಗಿ ತಂದ ಮೀನಿನ ಜೊತೆ ಬಂದಿರುತ್ತೆ. ಸತ್ತದ್ದನ್ನ ಉಳಿದವು ಕಚ್ಚಿ ತಿಂತಾವಲ್ಲ, ಹಾಗೆ ಹರಡುತ್ತೆ. ನಿಮ್ಮ ನೀರಿನದೂ ತಪ್ಪಿಲ್ಲ, ನಿಮ್ಮದೂ ತಪ್ಪಿಲ್ಲ. ಇದಕ್ಕೆ ಔಷಧಿ ಹಾಕಿ ಪ್ರಯೋಜನ ಇಲ್ಲ."

ಮೂರು ತಿಂಗಳಿಂದ ಹುಡುಕುತ್ತಿದ್ದ ಉತ್ತರ ಸಿಕ್ಕಿತ್ತು. ಲೀಲಾ ಪುಸ್ತಕ ತೆಗೆದು ಬರೆದುಕೊಳ್ಳತೊಡಗಿದಳು. ಉಣ್ಣೆಯ ಕೈಗವಸು ಹಾಕಿಕೊಂಡೇ ಪೆನ್ಸಿಲು ಹಿಡಿದಿದ್ದಳು. ಅನಂತಮೂರ್ತಿ ಮಾತು ಮುಂದುವರಿಸಿದರು. ಈ ಕ್ರಿಮಿಗೆ ಮನುಷ್ಯರ ದೇಹದ ಒಳಗಿನ ಕಾವು ಆಗಿಬರುವುದಿಲ್ಲ. ಮೂವತ್ತು ಡಿಗ್ರಿ ಅದಕ್ಕೆ ಹಿತ, ಮೂವತ್ತೇಳರಲ್ಲಿ ಬೆಳೆಯುವುದೇ ಇಲ್ಲ ಎನ್ನಬಹುದು. ಅದಕ್ಕೇ ತಣ್ಣಗಿನ ಮೈಯ ಪ್ರಾಣಿಗಳಲ್ಲಿ ಮನೆ ಮಾಡುತ್ತದೆ ಎಂದರು. ಲೀಲಾಳ ಪೆನ್ಸಿಲು ನಿಂತಿತು.

"ಸರ್, ಮನುಷ್ಯರದ್ದೂ ಕೈಬೆರಳು ತಣ್ಣಗೇ ಇರುತ್ತಲ್ಲ?"

ಅನಂತಮೂರ್ತಿ ತಲೆಯೆತ್ತಿದರು. ಅವಳು ಕೈಗವಸು ಕಳಚಿ ಬಲಗೈಯನ್ನು ಮೇಜಿನ ಮೇಲೆ, ದೀಪದ ಕೆಳಗೆ ಇಟ್ಟಳು. ಅವರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. ಮುಟ್ಟಲಿಲ್ಲ.

"ಇದನ್ನ ಮೊದಲು ತೋರಿಸಬೇಕಿತ್ತು ನೀವು."

"ನಾನು ಮೀನಿಗೋಸ್ಕರ ಬಂದಿದ್ದೆ."

ನಾನು ಮನುಷ್ಯರ ಡಾಕ್ಟರಲ್ಲ, ಹೌದೇ ಹೌದು ಅಂತ ಹೇಳುವ ಅಧಿಕಾರ ನನಗಿಲ್ಲ ಎಂದು ಅವರು ಮೊದಲೇ ಹೇಳಿದರು. ಆದರೆ ಮೂರು ವಿಷಯ ಬರೆದುಕೊಳ್ಳಿ ಎಂದರು. ಇದೇನೆಂದು ಗೊತ್ತಾಗುವವರೆಗೆ ಸ್ಟೆರಾಯ್ಡ್ ಚುಚ್ಚಿಸಿಕೊಳ್ಳಬೇಡಿ. ಗಂಟಿನಿಂದ ಒಂದು ಚೂರು ತೆಗೆಸಿ ಪರೀಕ್ಷೆಗೆ ಕೊಡಿ. ಲ್ಯಾಬಿನಲ್ಲಿ ಅದನ್ನು ಮೂವತ್ತು ಡಿಗ್ರಿಯಲ್ಲಿ ಬೆಳೆಸಲು ಹೇಳಿ, ಎಲ್ಲರೂ ಮೂವತ್ತೇಳರಲ್ಲಿ ಇಡುತ್ತಾರೆ, ಆಗ ಏನೂ ಬೆಳೆಯುವುದಿಲ್ಲ, ಏನೂ ಇಲ್ಲ ಅಂತ ಬರೆದುಬಿಡುತ್ತಾರೆ. ಬಾಗಿಲವರೆಗೆ ಬಂದು, ಮೂವತ್ತು, ಮರೆಯಬೇಡಿ ಎಂದು ಮತ್ತೊಮ್ಮೆ ಹೇಳಿದರು.

ಫೆಬ್ರವರಿ ನಾಲ್ಕಕ್ಕೆ ಲೀಲಾ ಸರ್ಜನ್ ಮುಂದೆ ಕೂತು ಎಲ್ಲವನ್ನೂ ಹೇಳಿದಳು. ಅವರು ಕೇಳಿಸಿಕೊಂಡರು, ಮೀನಿನ ವಿಷಯಕ್ಕೆ ಸ್ವಲ್ಪ ನಕ್ಕರು, ಮೂವತ್ತು ಡಿಗ್ರಿಯ ಮಾತಿಗೂ ತಲೆಯಾಡಿಸಿದರು. ಬೆರಳಿನ ಗಂಟಿನಿಂದ ಒಂದು ಚೂರು ಕತ್ತರಿಸಿ ತೆಗೆದು ಕಳಿಸಿದರು. ಮೂರು ವಾರ ಕಳೆಯಿತು. ಹೊಲಿಗೆ ಬಿಚ್ಚಿದ ಜಾಗ ಸರಿಯಾಗಿ ಕೂಡಲಿಲ್ಲ, ಸದಾ ಒಸರುತ್ತಿತ್ತು. ರಿಪೋರ್ಟು ಬಂತು: ಟಿಬಿ ಪರೀಕ್ಷೆ ನೆಗೆಟಿವ್, ಕಲ್ಚರಿನಲ್ಲಿ ಬೆಳವಣಿಗೆ ಇಲ್ಲ. ಹಾಗಾದರೆ ಸೋಂಕಲ್ಲ ಅಂತಾಯಿತು, ಮುಂದಿನ ವಾರ ಬನ್ನಿ, ಇಂಜೆಕ್ಷನ್ ಕೊಡೋಣ ಎಂದು ಸರ್ಜನ್ ಬರೆದರು.

ಆ ಸಂಜೆ ದಕ್ಷಿಣಾಮೂರ್ತಿ ಹೆಂಡತಿಯ ಹತ್ತಿರ ಕೂತು, ದೊಡ್ಡ ಡಾಕ್ಟರು ಹೇಳುತ್ತಿದ್ದಾರೆ, ಒಂದು ಸಲ ಚುಚ್ಚಿಸಿಕೊಂಡು ನೋಡಬಾರದೇ ಎಂದು ಮೆಲ್ಲಗೆ ಕೇಳಿದರು. ಅವರಿಗೆ ಭಯವಾಗಿತ್ತು. ಕೆಂಪು ಈಗ ಮಣಿಕಟ್ಟು ದಾಟಿ ಮುಂಗೈಗೆ ಬಂದಿತ್ತು.

"ರೀ, ಎಷ್ಟು ಡಿಗ್ರಿಯಲ್ಲಿ ಇಟ್ಟಿದ್ದರು ಅಂತ ರಿಪೋರ್ಟಿನಲ್ಲಿ ಬರೆದಿಲ್ಲ. ಅದನ್ನ ಕೇಳಿಕೊಂಡು ಬರ್ತೀನಿ. ಆಮೇಲೆ ನೀವು ಹೇಳಿದ ಹಾಗೆ."

ಮರುದಿನ ರಜೆ ಹಾಕಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿದ್ದ ಲ್ಯಾಬಿಗೆ ಹೋದಳು. ರೋಗಿಗಳು ಒಳಗೆ ಬರುವಂತಿಲ್ಲ ಎಂದರು. ಹೊರಗಿನ ಬೆಂಚಿನ ಮೇಲೆ ಎರಡು ಗಂಟೆ ಕೂತಳು. ಮೂರನೆಯ ಸಲ ಕೇಳಿದಾಗ ಪ್ರಕೃತಿ ಎಂಬ ಯುವ ಡಾಕ್ಟರು ಹೊರಗೆ ಬಂದರು. ಕ್ರಿಮಿ ಬೆಳೆಸಿ ಗುರುತು ಹಿಡಿಯುವ ಕೆಲಸ ಅವರದು. ದಾಖಲೆ ನೋಡಿ ಬಂದು, ಮೂವತ್ತೇಳು ಎಂದರು. ಫಾರಮಿನಲ್ಲಿ ಬೇರೇನೂ ಬರೆದಿರಲಿಲ್ಲ, ಹಾಗಾಗಿ ಎಲ್ಲದರ ಜೊತೆ ಇಟ್ಟೆವು ಎಂದರು. ಲೀಲಾ ಮೀನಿನ ಕತೆಯನ್ನೂ ಅನಂತಮೂರ್ತಿಯವರ ಮಾತನ್ನೂ ಹೇಳಿದಾಗ ಪ್ರಕೃತಿಯ ಮುಖ ಬದಲಾಯಿತು. ಒಳಗೆ ಬೂಷ್ಟು ಬೆಳೆಸುವ ಪೆಟ್ಟಿಗೆಯೊಂದಿದೆ, ವರ್ಷವಿಡೀ ಅದು ಮೂವತ್ತರಲ್ಲೇ ಓಡುತ್ತಿರುತ್ತದೆ, ನಿಮ್ಮ ಚೂರನ್ನು ಅದರಲ್ಲಿ ಇಡುವುದು ಕಷ್ಟವೇ ಇರಲಿಲ್ಲ, ಯಾರಾದರೂ ಒಂದು ಮಾತು ಹೇಳಿದ್ದರೆ ಸಾಕಿತ್ತು ಎಂದರು. ಹಳೆಯ ಚೂರು ಮುಗಿದುಹೋಗಿತ್ತು. ಇನ್ನೊಂದು ಬೇಕು.

ಲೀಲಾ ಮೆಟ್ಟಿಲು ಹತ್ತಿ ಸರ್ಜನ್ ಕೋಣೆಯ ಹೊರಗೆ ಹೆಸರು ಬರೆಸಿದಳು. ಒಳಗೆ ಹೋದಾಗ ಮಧ್ಯಾಹ್ನವಾಗಿತ್ತು. ಇನ್ನೊಂದು ಚೂರು ತೆಗೆಯಬೇಕು ಎಂದಾಗ ಅವರು ಬೇಸರದಿಂದ, ಇಂಟರ್ನೆಟ್ಟಿನಲ್ಲಿ ಓದಿದ್ದಕ್ಕೆಲ್ಲ ಕೈ ಕೊಯ್ಯಲು ಆಗುವುದಿಲ್ಲ, ಮೂವತ್ತು ಡಿಗ್ರಿ ಅಂತ ನೀವು ಮೊದಲೇ ಹೇಳಿದ್ದರೆ ಬೇರೆ ಮಾತು ಎಂದರು. ಲೀಲಾ ಸ್ಟೆನೋ ಪುಸ್ತಕವನ್ನು ಹಿಂದಕ್ಕೆ ತಿರುವಿದಳು. ಎಡಗೈಯಲ್ಲಿ ಪುಟ ಹಿಡಿದು, ಆಫೀಸಿನಲ್ಲಿ ಓದಿ ಹೇಳುವ ಅದೇ ಸಮ ಧ್ವನಿಯಲ್ಲಿ ಓದಿದಳು.

"ಫೆಬ್ರವರಿ ನಾಲ್ಕು, ಹನ್ನೊಂದು ಇಪ್ಪತ್ತು. ನಾನು: ಇದನ್ನು ಮೂವತ್ತು ಡಿಗ್ರಿಯಲ್ಲಿ ಬೆಳೆಸಬೇಕಂತೆ. ನೀವು: ಮೂವತ್ತು, ಅಚ್ಛಾ. ನಾನು: ಫಾರಮಿನಲ್ಲಿ ಬರೀತೀರಾ ಸರ್? ನೀವು: ಹಾ ಹಾ, ನಾನು ಲ್ಯಾಬಿಗೆ ಹೇಳ್ತೀನಿ. ಆಮೇಲೆ ನಿಮಗೆ ಫೋನು ಬಂತು."

ಕೋಣೆಯಲ್ಲಿ ನರ್ಸ್ ಕೂಡ ಇದ್ದಳು. ಸರ್ಜನ್ ಆ ಪುಟದ ಕಡೆ ನೋಡಿದರು. ಗೀಟುಗಳು, ಕೊಕ್ಕೆಗಳು, ಚುಕ್ಕೆಗಳು, ಅವರಿಗೆ ಒಂದೂ ಓದಲು ಬರುವಂತಿರಲಿಲ್ಲ. ಲೀಲಾ ಪುಸ್ತಕ ಮುಚ್ಚಿದಳು. ತಪ್ಪು ಹಿಡಿಯುವುದಕ್ಕೆ ಓದಲಿಲ್ಲ, ದಿನಕ್ಕೆ ಎಷ್ಟೋ ಜನರನ್ನು ನೋಡುತ್ತೀರಿ, ಮರೆತುಹೋಗುತ್ತದೆ. ನೋಯುವುದು ನನಗೆ, ಇನ್ನೊಂದು ಸಲ ಕೊಯ್ಯಿಸಿಕೊಳ್ಳಲು ನಾನು ತಯಾರಿದ್ದೇನೆ ಎಂದಳು. ಅವರು ಫಾರಮ್ ಎಳೆದುಕೊಂಡು, ಮೇಲ್ಭಾಗದಲ್ಲಿ ಕೆಂಪು ಶಾಯಿಯಿಂದ ಮೂವತ್ತು ಎಂದು ಬರೆದು ಸುತ್ತ ಗೆರೆ ಎಳೆದರು. ಈ ಸಲ ಮಣಿಕಟ್ಟಿನ ಗಂಟಿನಿಂದ ಚೂರು ತೆಗೆದರು. ಅದನ್ನು ಕೆಳಗೆ ತೆಗೆದುಕೊಂಡು ಹೋದ ನರ್ಸಿನ ಹಿಂದೆಯೇ ಲೀಲಾ ಲ್ಯಾಬಿನ ಬಾಗಿಲವರೆಗೂ ಹೋಗಿ ಬಂದಳು.

ಹನ್ನೆರಡನೆಯ ದಿನ ಪ್ರಕೃತಿ ಫೋನು ಮಾಡಿದರು. ಕೆನೆ ಬಣ್ಣದ ಸಣ್ಣ ಚುಕ್ಕೆಗಳು ಎದ್ದಿವೆ, ಇವತ್ತು ಅವನ್ನು ದೀಪದ ಬೆಳಕಿಗೆ ಇಡುತ್ತೇನೆ, ನಾಳೆ ನೋಡೋಣ ಎಂದರು. ಮಾರನೆಯ ದಿನ ಲೀಲಾಳನ್ನೇ ಕರೆಸಿ ಕಿಟಕಿಯ ಗಾಜಿನ ಆಚೆಯಿಂದ ತೋರಿಸಿದರು. ಬೆಳಕು ಬಿದ್ದ ರಾತ್ರಿಯೊಳಗೆ ಚುಕ್ಕೆಗಳು ನಿಂಬೆಹಣ್ಣಿನ ಹಳದಿಗೆ ತಿರುಗಿದ್ದವು. ಈ ಕ್ರಿಮಿಯ ಗುರುತೇ ಇದು, ಉಳಿದ ಪರೀಕ್ಷೆಯನ್ನೂ ಮಾಡಿ ಬರೆದುಕೊಡುತ್ತೇನೆ, ಆದರೆ ನನಗೆ ಅನುಮಾನ ಉಳಿದಿಲ್ಲ ಎಂದರು. ಲೀಲಾ ಬೆಂಚಿನ ಮೇಲೆ ಕೂತು ಮೊದಲು ಗಂಡನಿಗೆ, ಆಮೇಲೆ ಅನಂತಮೂರ್ತಿಯವರಿಗೆ ಫೋನು ಮಾಡಿದಳು. ಅನಂತಮೂರ್ತಿ, ಹಳದಿ ಬಂತೇ ಎಂದು ಎರಡು ಸಲ ಕೇಳಿದರು.

ಎರಡು ಬಗೆಯ ಮಾತ್ರೆ, ಆರು ತಿಂಗಳು. ಒಂದು ಮಾತ್ರೆ ಕಣ್ಣಿಗೆ ತೊಂದರೆ ಕೊಡಬಹುದು. ತಿಂಗಳಿಗೊಮ್ಮೆ ಕೆಂಪು ಹಸಿರು ಬೇರೆಬೇರೆಯಾಗಿ ಕಾಣುತ್ತದೆಯೇ ಎಂದು ಪರೀಕ್ಷೆ. ಲೀಲಾಳಿಗೆ ಅದರ ಚಿಂತೆ ಇರಲಿಲ್ಲ. ಚಿಂತೆ ಇದ್ದದ್ದು ತೊಟ್ಟಿಯದು. ಅಷ್ಟರಲ್ಲಿ ಇನ್ನೆರಡು ಸತ್ತು ಹತ್ತು ಉಳಿದಿದ್ದವು. ಇಷ್ಟು ದಿನ ಲಾವಣ್ಯಾ ಮೊಳಕೈವರೆಗಿನ ಕೈಗವಸು ಹಾಕಿಕೊಂಡು ಅವುಗಳನ್ನು ನೋಡಿಕೊಂಡಿದ್ದಳು. ಎಲ್ಲವನ್ನೂ ಮುಗಿಸಿಬಿಡಬೇಕು, ಚೆನ್ನಾಗಿ ಕಾಣುವ ಮೀನಿನಲ್ಲೂ ಅದು ಇರುತ್ತದೆ ಎಂದು ಅನಂತಮೂರ್ತಿ ಮೊದಲ ದಿನವೇ ಹೇಳಿದ್ದರು. ದಕ್ಷಿಣಾಮೂರ್ತಿಯವರು, ಕೊಲ್ಲುವುದೇಕೆ, ಯಮುನೆಯಲ್ಲಿ ಬಿಟ್ಟು ಬರೋಣ, ಎಷ್ಟೋ ಜನ ಬಿಡುತ್ತಾರೆ, ಪುಣ್ಯವೂ ಬರುತ್ತದೆ ಎಂದರು. ನಮ್ಮ ಮನೆಯ ರೋಗವನ್ನು ನದಿಗೆ ಹಾಕಿದರೆ ಎಂಥ ಪುಣ್ಯ ಎಂದು ಲೀಲಾ ಅದನ್ನು ಅಲ್ಲಿಗೇ ನಿಲ್ಲಿಸಿದಳು. ಲಾವಣ್ಯಾ ಮಾತ್ರ ಬಿಡಲಿಲ್ಲ.

"ಅಮ್ಮ, ಇದು ನೋಡು, ಬಿಲ್ಕುಲ್ ಠೀಕ್ ಇದೆ. ನಾನು ನೈನ್ತ್‌ನಲ್ಲಿ ಇದ್ದಾಗ ತಂದಿದ್ದು ಇದು. ಇದಕ್ಕೆ ಏನೂ ಆಗಿಲ್ಲ, ಫಿರ್ ಕ್ಯೂಂ?"

ಅವಳು ತೋರಿಸಿದ್ದು ತೊಟ್ಟಿಯಲ್ಲೇ ದೊಡ್ಡದಾದ ಬೆಳ್ಳಿ ಬಣ್ಣದ ಏಂಜೆಲ್ ಮೀನು. ಐದು ವರ್ಷದಿಂದ ಅದು ಲಾವಣ್ಯಾಳ ಬೆರಳಿನ ಹಿಂದೆ ಗಾಜಿನುದ್ದಕ್ಕೂ ಬರುತ್ತಿತ್ತು. ಲೀಲಾ ಬಟ್ಟೆ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಮಗಳ ಪಕ್ಕ ಕೂತಳು.

"ಹೊಟ್ಟೆ ಒಳಗೆ ಹೋಗಿ, ಬೆನ್ನು ಬಗ್ಗಿ, ಹದಿನೈದು ದಿನ ನರಳಿ ಸಾಯುತ್ತೆ ಲಾವಣ್ಯಾ. ಹನ್ನೊಂದು ಸಲ ನೋಡಿದೀನಿ. ಇದಕ್ಕೆ ಹಾಗಾಗಬಾರದು. ನನ್ನ ಕೈ ನೀರಿಗೆ ಹಾಕೋ ಹಾಗಿಲ್ಲ. ನೀನು ಮಾಡ್ತೀಯಾ, ಇಲ್ಲ ಅಪ್ಪನ್ನ ಕೇಳಲಾ?"

ಲಾವಣ್ಯಾ ಅತ್ತಳು. ಅತ್ತು ಮುಗಿಸಿ, ಅಪ್ಪ ಬೇಡ, ಅಪ್ಪ ಕೈ ನಡುಗಿಸುತ್ತಾರೆ ಎಂದಳು. ಭಾನುವಾರ ಬೆಳಿಗ್ಗೆ ಬಾಲ್ಕನಿಯಲ್ಲಿ ಬಕೆಟ್ಟಿಟ್ಟು, ಲವಂಗದ ಎಣ್ಣೆಯನ್ನು ಬಿಸಿನೀರಿನ ಬಾಟಲಿಯಲ್ಲಿ ಕುಲುಕಿ, ಅಮ್ಮ ಹೇಳಿದಷ್ಟೇ ಹಾಕಿದಳು. ಎರಡೆರಡೇ ಮೀನುಗಳನ್ನು ತಂದು ಬಿಟ್ಟಳು. ಅವು ಒಂದು ಸುತ್ತು ಸುತ್ತಿ, ನಿಧಾನವಾಗಿ, ಮಲಗಿದವು. ಲೀಲಾ ಗಡಿಯಾರ ನೋಡುತ್ತ ಪ್ರತಿ ಸಲವೂ ಅರ್ಧ ಗಂಟೆ ಕಾಯಿಸಿದಳು. ಬೆಳ್ಳಿಯ ಮೀನನ್ನು ಲಾವಣ್ಯಾ ಕೊನೆಗೆ, ಒಂದನ್ನೇ ತಂದಳು. ಮನೆ ತುಂಬ ಲವಂಗದ ವಾಸನೆ ಹರಡಿತ್ತು. ದಕ್ಷಿಣಾಮೂರ್ತಿ ಬಾಗಿಲಲ್ಲಿ ನಿಂತಿದ್ದರು, ಒಳಗೂ ಬರಲಿಲ್ಲ, ಆಚೆಗೂ ಹೋಗಲಿಲ್ಲ. ಮಧ್ಯಾಹ್ನ ಕಲ್ಲು, ಸ್ಪಂಜು, ಗಿಡಗಳನ್ನೆಲ್ಲ ಎರಡು ಚೀಲಗಳಲ್ಲಿ ಕಟ್ಟಿ, ಗಾಜನ್ನು ಸ್ಪಿರಿಟ್ಟಿನಿಂದ ಒರೆಸಿ ಬಿಸಿಲಿಗಿಟ್ಟರು. ಊಟಕ್ಕೆ ಯಾರೂ ಕೂರಲಿಲ್ಲ.

ಏಪ್ರಿಲಿನಲ್ಲಿ ಗಂಟುಗಳು ಇಳಿಯತೊಡಗಿದವು. ಮುಂಗೈಯ ಕೆಂಪು ಮೊದಲು ಹೋಯಿತು, ಆಮೇಲೆ ಅಂಗೈ ಹಿಂದಿನದು. ನಡುಬೆರಳು ಮಾತ್ರ ಪೂರ್ತಿ ಮಡಿಯಲಿಲ್ಲ. ಸರ್ಜನ್ ಅದನ್ನು ಹಿಡಿದು ನೋಡಿ, ಇನ್ನೆರಡು ತಿಂಗಳು ಹೀಗೇ ಬಿಟ್ಟಿದ್ದರೆ ನರ ಹೋಗುತ್ತಿತ್ತು ಎಂದರು. ಇನ್ನು ಮೇಲೆ ಇಂಥ ಗಂಟು ಕಂಡರೆ ಮನೆಯಲ್ಲಿ ಮೀನಿದೆಯೇ ಎಂದು ಮೊದಲು ಕೇಳುತ್ತೇನೆ ಎಂದು ಅವರೇ ಹೇಳಿದರು.

ಒಂದು ಕೆಲಸ ಬಾಕಿ ಇತ್ತು. ಲೀಲಾ ಒಂದು ಶನಿವಾರ ಕೋಟ್ಲಾಕ್ಕೆ ಹೋಗಿ ಓಂವೀರನ ಅಂಗಡಿಯ ಮೆಟ್ಟಿಲು ಹತ್ತಿದಳು. ನಿಮ್ಮಿಂದ ತಂದ ಮೀನಿನಲ್ಲಿ ಈ ರೋಗ ಇತ್ತು, ನಿಮ್ಮ ತೊಟ್ಟಿಗಳಲ್ಲೂ ಇರಬಹುದು, ಕೈ ಜೋಪಾನ ಭಯ್ಯಾ ಎಂದು ಹೇಳಲು ಶುರುಮಾಡಿದಳು. ಅವನು ಪೂರ್ತಿ ಕೇಳಲಿಲ್ಲ. ಗಿರಾಕಿಗಳ ಮುಂದೆ ಇದೆಲ್ಲ ಮಾತಾಡಬೇಡಿ, ಹನ್ನೆರಡು ವರ್ಷದ ಅಂಗಡಿ ಇದು, ಯಾರೂ ದೂರು ಹೇಳಿಲ್ಲ ಎಂದು ಮುಖ ಗಂಟಿಕ್ಕಿ, ಗಿರಾಕಿಯೊಬ್ಬ ಕೇಳಿದ ಮೀನು ಹಿಡಿಯಲು ಅಂಗಿಯ ತೋಳು ಮಡಿಸಿ ತೊಟ್ಟಿಗೆ ಕೈ ಹಾಕಿದ. ಮಣಿಕಟ್ಟಿನಿಂದ ಮೊಳಕೈವರೆಗೆ ನಾಲ್ಕು ಗಂಟುಗಳು ಒಂದೇ ಸಾಲಿನಲ್ಲಿದ್ದವು. ಒಂದು ಒಡೆದು ಒಣಗಿತ್ತು.

ಗಿರಾಕಿ ಹೋಗುವವರೆಗೆ ಲೀಲಾ ಕಾದಳು. ಆಮೇಲೆ ಅವನ ಪಕ್ಕ ಹೋಗಿ ನಿಂತು ತನ್ನ ಬಲಗೈಯನ್ನು ಅವನ ಕೈಯ ಪಕ್ಕಕ್ಕೆ ಚಾಚಿದಳು. ಮಾಸುತ್ತಿದ್ದ ಮೂರು ಕಲೆಗಳು, ಅದೇ ಗೆರೆಯಲ್ಲಿ. ಓಂವೀರ್ ಎರಡನ್ನೂ ನೋಡಿದ. ಇದು ಗಜಕರ್ಣ ಎಂದು ಎರಡು ವರ್ಷದಿಂದ ಮುಲಾಮು ಹಚ್ಚುತ್ತಿದ್ದೇನೆ ಎಂದ. ಧ್ವನಿ ಇಳಿದಿತ್ತು. ಪರೀಕ್ಷೆ ಮಾಡಿಸೋಣ ಎಂದರೆ ಮಾತ್ರ ಒಪ್ಪಲಿಲ್ಲ. ಅಂಗಡಿ ಬಿಟ್ಟು ಹೇಗೆ ಬರಲಿ, ವಿಷಯ ಹರಡಿದರೆ ಯಾರು ಮೀನು ಕೊಳ್ಳುತ್ತಾರೆ ಎಂದ. ಮುಂದಿನ ಶನಿವಾರ ಲೀಲಾ ಮತ್ತೆ ಹೋದಳು. ಆ ದಿನ ಅವನು ಅವಳನ್ನು ಕೂರಿಸಿ ಚಹಾ ತರಿಸಿದ, ಬೇರೆ ಮಾತೆಲ್ಲ ಆಡಿದ. ಯಾವ ತೊಟ್ಟಿಯಲ್ಲಿ ಮೀನು ಹೆಚ್ಚು ಸಾಯುತ್ತವೆ ಎಂದು ಅವಳು ಕೇಳಿದಾಗ ಮೂಲೆಯ ಎರಡನ್ನು ತೋರಿಸಿದ. ಅವುಗಳಿಂದ ಮಾರುವುದನ್ನು ನಿಲ್ಲಿಸುತ್ತೇನೆ ಎಂದು ಒಪ್ಪಿಕೊಂಡ. ಆಸ್ಪತ್ರೆಯ ಮಾತು ಬಂದರೆ ಎದ್ದುಹೋಗುತ್ತಿದ್ದ.

ಮೂರನೆಯ ಸಲ ಅವಳು ಹೋದದ್ದು ಸೋಮವಾರ, ಅವನ ಅಂಗಡಿಗೆ ರಜೆಯ ದಿನ. ಆಫೀಸಿಗೆ ಅರ್ಧ ದಿನ ರಜೆ ಹಾಕಿದ್ದಳು. ಪ್ರಕೃತಿಗೆ ಮೊದಲೇ ಫೋನು ಮಾಡಿ ಹೇಳಿದ್ದಳು. ಅಂಗಡಿಯ ಹಿಂದೆಯೇ ಅವನ ಮನೆ. ಬಾಗಿಲು ತೆರೆದದ್ದು ಅವನ ಹೆಂಡತಿ. ಲೀಲಾ ಅವಳೆದುರಿಗೇ ಎಲ್ಲವನ್ನೂ ಮತ್ತೆ ಮೊದಲಿನಿಂದ ಹೇಳಿದಳು. ಹೆಂಡತಿ ಒಳಗೆ ಹೋಗಿ ಗಂಡನ ಚಪ್ಪಲಿಗಳನ್ನು ತಂದು ಅವನ ಮುಂದಿಟ್ಟಳು.

ಆಟೋದಲ್ಲಿ ಓಂವೀರ್ ಬಹಳ ಹೊತ್ತು ರಸ್ತೆ ನೋಡುತ್ತ ಕೂತಿದ್ದ. ಆಸ್ಪತ್ರೆಯ ಗೇಟಿನ ಹತ್ತಿರ ಬಂದಾಗ ಕೇಳಿದ.

"ಮೇಡಂ ಜೀ, ಕೊಯ್ಯುವಾಗ ತುಂಬಾ ನೋಯುತ್ತಾ?"

"ಕೊಯ್ಯುವಾಗ ಗೊತ್ತಾಗಲ್ಲ. ಸಂಜೆ ನೋಯುತ್ತೆ," ಎಂದಳು ಲೀಲಾ. "ಎರಡು ದಿನ. ಬನ್ನಿ."

ಅವನು ಇಳಿದ. ತೋಳಿನ ಗುಂಡಿ ಬಿಚ್ಚಿಕೊಳ್ಳುತ್ತ ಅವಳ ಜೊತೆ ಒಳಗೆ ನಡೆದ.